ಹುಳದ ಮನೆಗೆ ನುಗ್ಗಿದ ಕೋಳಿಮರಿಗಳು

ಹೊಸದಾಗಿ ತಂದ ಗಿಡ್ಡ ಜಾತಿಯ ಕೋಳಿಮರಿಗಳಿಗೆ ಇವತ್ತು ಟೊಮ್ಯಾಟೊ ಕ್ರೇಟಿನಲ್ಲಿ ಬಲ್ಬು ಕಟ್ಟಿದೆ. ಆ ಬಿಸಿ ಕೈಗೆ ತಾಗಿದ್ದೇ ತಡ, ನಮ್ಮ ಹಳೇ ರೇಷ್ಮೆಹುಳದ ಮನೆ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ತಾತ ನಂಗಲಿ ಸಂತೆಯಿಂದ ನನಗೆ ಇಂಥವೇ ನಾಲ್ಕು ಮರಿ ತಂದಿದ್ದರು. ಚಳಿಗೆ ನಡುಗುತ್ತಿದ್ದವು. ಬೆಚ್ಚಗಿದ್ದದ್ದು ಅಮ್ಮ ಇದ್ದಿಲೊಲೆ ಇಟ್ಟು ರೇಷ್ಮೆಹುಳ ಸಾಕುತ್ತಿದ್ದ ಕೋಣೆ ಒಂದೇ. ಯಾರಿಗೂ ಹೇಳದೆ ಅಲ್ಲಿ ಬಿಟ್ಟು ಸ್ಕೂಲಿಗೆ ಹೋದೆ. ಬರುವಷ್ಟರಲ್ಲಿ ಅರ್ಧ ತಟ್ಟೆ ಹುಳ ಖಾಲಿ!

ಏಟು ಬೀಳುತ್ತೆ ಅಂತ ಕಣ್ಣು ಮುಚ್ಚಿ ನಿಂತೆ. "ಮರಿಗಳಿಗೆ ಚಳಿ ಅಂತ ನನಗೆ ಹೇಳಬಾರದಿತ್ತೇನೇ?" ಅಂದ ಅಮ್ಮ, ಹುಳಗಳ ಒಲೆಯಿಂದಲೇ ಕೆಂಡ ತೆಗೆದು, ಹಳೇ ಬಾಂಡ್ಲಿಗೆ ಹಾಕಿ, ಆಚೆ ತಂದ ಮರಿಗಳ ಪಕ್ಕ ಇಟ್ಟಳು.

ಈಗ ಅದೇ ಅಮ್ಮ ಕ್ರೇಟಿನೊಳಗೆ ಕೈಯೊಡ್ಡಿ ಶಾಖ ನೋಡುತ್ತಿದ್ದಾಳೆ.

"ಬಲ್ಬು ಇನ್ನೊಂಚೂರು ಇಳಿಸೇ. ಪಾಪ, ಇವಕ್ಕೆ ಹುಳದ ಮನೆ ಎಲ್ಲಿದೆ?"