ಹುಡಿ ಒಲೆ ಮತ್ತು ಆದಿತ್ಯವಾರದ ಪಿಟೀಲು

ಹೆಂಡತಿ ಕುವೈತಿನಲ್ಲಿ, ಗಂಡ ಒಲೆಬುಡದಲ್ಲಿ ಎಂದು ನಮ್ಮ ನೆರೆಕರೆಯಲ್ಲಿ ಆಡಿಕೊಳ್ಳುತ್ತಿದ್ದರು. ಆಡಿಕೊಂಡವರಲ್ಲಿ ಹೆಚ್ಚಿನವರು ಈಗ ಮಣ್ಣಾಗಿದ್ದಾರೆ, ಆದರೂ ಅವರ ಮೇಲಿನ ಸಿಟ್ಟು ನನಗೆ ಇಳಿದಿಲ್ಲ. ಅದಕ್ಕಿಂತ ದೊಡ್ಡ ಸಿಟ್ಟು ನನ್ನ ಮೇಲೆಯೇ ಉಂಟು, ಅದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಅರವತ್ತರ ದಶಕದ ಮೊದಲ ವರ್ಷಗಳು. ಕದ್ರಿ ಗುಡ್ಡದ ಇಳಿಜಾರಿನಲ್ಲಿ ನಮ್ಮ ಮನೆ, ಅರ್ಧಕ್ಕೆ ಹಂಚು, ಅರ್ಧಕ್ಕೆ ತೆಂಗಿನ ಮಡಲು. ನಾನು ಪ್ರಾಥಮಿಕ ಶಾಲೆಯ ಕನ್ನಡ ಮಾಸ್ತರ, ಹೆಂಡತಿ ನರ್ಸು. ಮನೆಮಾತು ಕೊಂಕಣಿಯಾದ್ದರಿಂದ ಇಲ್ಲಿ ಬರುವ ಮಾತುಗಳನ್ನು ಊರ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ನನ್ನ ಸಂಬಳ ನಂಬಿ ಕೂತರೆ ಉಳಿದರ್ಧ ಮಾಡಿಗೆ ಹಂಚು ಹತ್ತುವ ಲಕ್ಷಣ ಇರಲಿಲ್ಲ. ಕುವೈತಿನ ಆಸ್ಪತ್ರೆಗೆ ನರ್ಸುಗಳು ಬೇಕಂತೆ ಎಂಬ ಸುದ್ದಿ ಬಂದಾಗ ಅರ್ಜಿ ಹಾಕು ಎಂದವನು ನಾನೇ. ಎರಡು ವರ್ಷದ ಕರಾರು. ಆಮೇಲೆ ರಜೆಯಲ್ಲಿ ಬಂದಾಗ ಮತ್ತೆ ಹೋಗುವುದೋ ಇಲ್ಲೇ ಇರುವುದೋ ತೀರ್ಮಾನಿಸುವುದು ಎಂದು ಮಾತಾಗಿತ್ತು. ಹಡಗು ಹತ್ತಲು ಅವಳು ಬೊಂಬಾಯಿಗೆ ಹೊರಟ ದಿನದಿಂದಲೇ ನನಗೆ ಇದ್ದದ್ದು ಒಂದೇ ಆಸೆ. ಎರಡನೇ ಸಲ ಅವಳು ಹೋಗಬಾರದು.

ಹೊರಡುವ ವಾರ ಅವಳು ನನಗೆ ಹುಡಿ ಒಲೆ ತುಂಬಿಸಲು ಕಲಿಸಿದಳು. ಮರದ ಮಿಲ್ಲಿನಿಂದ ಗೋಣಿಯಲ್ಲಿ ತಂದ ಮರದ ಹುಡಿಯನ್ನು ತಗಡಿನ ಒಲೆಗೆ ಹಾಕುವ ಮೊದಲು ನಡುವೆ ಒಂದು ಖಾಲಿ ಬಾಟ್ಲಿ ನಿಲ್ಲಿಸಬೇಕು, ಬುಡದ ಕಂಡಿಯಿಂದ ಕೋಲೊಂದನ್ನು ತೂರಿಸಿ ಬಾಟ್ಲಿಗೆ ಮುಟ್ಟಿಸಬೇಕು. ಸುತ್ತ ಹುಡಿ ಹಾಕಿ ಜಡಿದು ಜಡಿದು ಗಟ್ಟಿ ಮಾಡಬೇಕು. ಆಮೇಲೆ ಕೋಲು ತೆಗೆದು, ಬಾಟ್ಲಿಯನ್ನು ತಿರುಗಿಸುತ್ತ ಮೆಲ್ಲ ಎಳೆದರೆ ನಡುವೆ ಚೆಂದದ ತೂತು ಉಳಿಯುತ್ತದೆ. ಒಮ್ಮೆ ಬೆಂಕಿ ಹಿಡಿಯಿತೋ, ಕುಚ್ಚಲಕ್ಕಿ ಗಂಜಿ ಬೆಂದು ಮಕ್ಕಳ ಸ್ನಾನದ ನೀರು ಕಾಯುವವರೆಗೆ ಆ ಕಡೆ ತಿರುಗಿ ನೋಡಬೇಕಾಗಿಲ್ಲ. ಜಡಿದದ್ದು ಸಡಿಲವಾದರೆ ಮಾತ್ರ ಒಳಗೇ ಕುಸಿದು ಮನೆ ತುಂಬ ಹೊಗೆ. ನನ್ನ ಮೊದಲ ಮೂರು ಒಲೆಗಳು ಕುಸಿದವು. ಅವಳು ನಗಲಿಲ್ಲ, ನನ್ನ ಕೈಯ ಮೇಲೆ ಕೈಯಿಟ್ಟು ಬಾಟ್ಲಿ ತಿರುಗಿಸಿ ತೋರಿಸಿದಳು. ಇದನ್ನು ನಾನು ನೆನಪಿಟ್ಟುಕೊಳ್ಳಬೇಕಾಗಿತ್ತು.

ಆಮೇಲಿನ ದಿನಗಳನ್ನು ವರ್ಣಿಸಲು ಹೋಗುವುದಿಲ್ಲ, ಹೆಂಗಸರಿಗೆಲ್ಲ ಗೊತ್ತಿದ್ದದ್ದೇ. ಬಾವಿಯಿಂದ ನೀರು, ಒಲೆ, ಗಂಜಿ, ದೊಡ್ಡ ಮಗಳಿಗೆ ಜಡೆ, ಇನ್ನೂ ಸರಿಯಾಗಿ ನಡೆಯಲು ಬಾರದ ಚಿಕ್ಕವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಶಾಲೆಗೆ ಓಟ. ಸಂಜೆ ಕಡೆಯುವ ಕಲ್ಲಿನ ಮುಂದೆ ಕೂತು ಮಸಾಲೆ. ಮೀನು ಮಾರುವವಳು ಮೊದಲ ದಿನ ಬುಟ್ಟಿ ಇಳಿಸಿ, “ಮಾಸ್ಟ್ರೇ, ಬಂಗುಡೆಯನ್ನು ಪರೀಕ್ಷೆ ಪೇಪರ್ ನೋಡಿದ ಹಾಗೆ ನೋಡುವುದೆಂತ ಮಾರಾಯ್ರೆ,” ಎಂದಿದ್ದಳು. ಆರು ತಿಂಗಳಲ್ಲಿ ಅವಳೇ ನನಗೆ ಹಳೆಯ ಮೀನು ತೋರಿಸಲು ಹೆದರುವಂತಾಯಿತು. ಕೆಲಸ ನನಗೆ ಒಗ್ಗಿತು. ಒಗ್ಗಿದ್ದನ್ನು ಯಾರಿಗೂ ಹೇಳಲಿಲ್ಲ.

ನನಗೆ ಇದ್ದ ಒಂದೇ ಹುಚ್ಚೆಂದರೆ ಪಿಟೀಲು. ಇಗರ್ಜಿಯ, ಎಂದರೆ ನಮ್ಮ ಚರ್ಚಿನ, ಗಾಯನ ತಂಡದಲ್ಲಿ ಪಿಟೀಲು ಬಾರಿಸುವವನು ನಾನೊಬ್ಬನೇ. ಶನಿವಾರ ಸಂಜೆ ಅಭ್ಯಾಸ, ಆದಿತ್ಯವಾರ ಬೆಳಿಗ್ಗೆ ಏಳರ ಪೂಜೆಗೆ ಗಾಯಕರ ಅಟ್ಟದ ಮೇಲೆ ನಿಂತು ಬಾರಿಸುವುದು. ಅವಳು ಹೋದ ಮೊದಲ ಶನಿವಾರ ಚಿಕ್ಕವಳಿಗೆ ಜ್ವರ, ಎರಡನೆಯದಕ್ಕೆ ಬಟ್ಟೆ ಒಗೆಯುವುದು ಬಾಕಿ. ತಿಂಗಳಾದ ಮೇಲೆ ತಂಡದ ಯಜಮಾನರು ಮನೆಗೇ ಬಂದರು. ಮಕ್ಕಳನ್ನು ಕರೆದುಕೊಂಡೇ ಬನ್ನಿ, ಬೇಕಾದರೆ ಅಭ್ಯಾಸವನ್ನು ಪೂಜೆ ಮುಗಿದ ಮೇಲೆ ಇಟ್ಟುಕೊಳ್ಳುವ ಎಂದರು. ನಾನು ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದೆ. ನನಗೆಲ್ಲಿಯ ಪುರುಸೊತ್ತು ಎಂದೆ. ಅವರು ನನ್ನ ಕೈ ನೋಡಿದರು, ಸ್ವರ ತಗ್ಗಿಸಿದರು, ಪಾಪ ಎನ್ನುತ್ತ ಎದ್ದು ಹೋದರು.

ಆ ಪಾಪ ಎನ್ನುವುದು ನನಗೆ ರುಚಿಸಿತು. ಪುರುಸೊತ್ತು ಇರಲಿಲ್ಲ ಎನ್ನುವುದು ಶುದ್ಧ ಸುಳ್ಳು. ಹುಡಿ ಒಲೆ ತನ್ನಷ್ಟಕ್ಕೇ ಉರಿಯುತ್ತಿತ್ತು, ಶನಿವಾರ ಶಾಲೆ ಅರ್ಧ ದಿನ, ಮಕ್ಕಳು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದರು. ಆದರೆ ಪಿಟೀಲು ಬಾರಿಸುವ ಗಂಡಸನ್ನು ನೋಡಿ ಯಾರೂ ಪಾಪ ಎನ್ನುವುದಿಲ್ಲ. ಪೆಟ್ಟಿಗೆ ಮುಚ್ಚಿ ಕಪಾಟಿನ ಮೇಲೆ, ಬಂದವರಿಗೆ ಕಾಣುವ ಹಾಗೆ ಇಟ್ಟೆ. ಕೇಳಿದವರಿಗೆಲ್ಲ ನಿಟ್ಟುಸಿರು ಬಿಟ್ಟು ಅದನ್ನು ತೋರಿಸುತ್ತಿದ್ದೆ.

ಹೆಂಡತಿಗೆ ಮಾತ್ರ ತಿಳಿಸಲಿಲ್ಲ. ಪ್ರತಿ ಕಾಗದದ ಕೊನೆಗೆ ಅವಳು, ಈ ಆದಿತ್ಯವಾರ ಯಾವ ಹಾಡು ಬಾರಿಸಿದಿರಿ ಎಂದು ಕೇಳುತ್ತಿದ್ದಳು. ನಾನು ಮಕ್ಕಳ ಜೊತೆ ಕೆಳಗೆ ಬೆಂಚಿನಲ್ಲಿ ಕೂತು ಕೇಳಿಸಿಕೊಂಡ ಹಾಡುಗಳ ಹೆಸರು ಬರೆಯುತ್ತಿದ್ದೆ. ಅವಳಿಗೆ ಬೇಸರವಾಗದಿರಲಿ ಎಂದಲ್ಲ, ಅಷ್ಟು ಒಳ್ಳೆಯವನು ನಾನಲ್ಲ. ಅವಳು ಬಂದ ಮೇಲೆ ಎದುರೆದುರೇ ಹೇಳಬೇಕೆಂದು ಅದನ್ನು ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿ ಹಾಕಿಟ್ಟಿದ್ದೆ. ನಿನ್ನಿಂದಾಗಿ ನಾನು ಇಷ್ಟು ಕಳೆದುಕೊಂಡೆ ಎಂದರೆ ಅವಳಿಗೆ ಮತ್ತೆ ಹೊರಡುವ ಧೈರ್ಯ ಬಾರದು ಎಂದು ನನ್ನ ಎಣಿಕೆ.

ಎರಡು ವರ್ಷ ಮುಗಿದು, ತೆನೆಹಬ್ಬಕ್ಕೆ ಎರಡು ವಾರ ಇರುವಾಗ ಅವಳು ಬಂದಳು. ಚಿಕ್ಕವಳು ಗುರುತು ಹಿಡಿಯದೆ ನನ್ನ ಮುಂಡು ಹಿಡಿದುಕೊಂಡು ನಿಂತಳು. ಮೂರನೆಯ ಬೆಳಿಗ್ಗೆ ನಾನು ನೀರು ಸೇದಿ ಒಳಗೆ ಬರುವಷ್ಟರಲ್ಲಿ ಅಡಿಗೆಕೋಣೆಯಲ್ಲಿ ಅವಳು ಒಲೆ ತುಂಬಿಸಿ ಬೆಂಕಿ ಕೊಟ್ಟಿದ್ದಳು. ಮಳೆಗೆ ಹುಡಿ ತೇವ ಹಿಡಿದಿತ್ತು, ಅವಳಿಗೂ ಕೈ ತಪ್ಪಿತ್ತು. ಗಂಜಿಯ ಪಾತ್ರೆ ಇಟ್ಟದ್ದೇ ಹುಡಿ ಒಳಗೆ ಕುಸಿದು ಹೊಗೆ ಎದ್ದಿತು. ಮಕ್ಕಳಿಬ್ಬರೂ ಕೆಮ್ಮತೊಡಗಿದರು. ಪಪ್ಪ ಮಾಡುವ ಹಾಗೆ ಮಾಡಬೇಕು ಎಂದು ದೊಡ್ಡವಳು ಅಮ್ಮನಿಗೆ ಹೇಳಿದಳು. ನಾನು ಮಗಳ ಬಾಯಿ ಮುಚ್ಚಿಸಬಹುದಿತ್ತು.

“ಬಿಡು,” ಎಂದೆ. “ಇದು ನಿನ್ನ ಆಸ್ಪತ್ರೆ ಅಲ್ಲ. ಇದಕ್ಕೆ ಕೈ ಪಳಗಬೇಕು.”

ಅವಳು ತುಂಬಿಸಿದ್ದನ್ನೆಲ್ಲ ಅಂಗಳಕ್ಕೆ ಸುರಿದು, ಒಣ ಹುಡಿ ತಂದು, ಬಾಟ್ಲಿ ನಿಲ್ಲಿಸಿ, ಮಕ್ಕಳಿಗೆ ಪಾಠ ಮಾಡುವವನ ಹಾಗೆ ಜಡಿದೆ. ಅವಳು ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಲೇ ಇದ್ದಳು. ನನಗೆ ಕಲಿಸಿದವಳು ಅವಳೇ ಎಂಬುದು ನನಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ನೆನಪಿತ್ತು. ಅದಕ್ಕೇ ಅಷ್ಟು ಜೋರಾಗಿ ಜಡಿದೆ. ಅಂದಿನಿಂದ ಅವಳು ಉಪ್ಪಿನ ಭರಣಿ ಮುಟ್ಟುವ ಮೊದಲೂ ನನ್ನನ್ನು ಕೇಳತೊಡಗಿದಳು.

ಆ ಶನಿವಾರ ಮಧ್ಯಾಹ್ನ ಅವಳು ಟ್ರಂಕಿನ ತಳದಿಂದ ಪಿಟೀಲಿನ ತಂತಿಯ ಹೊಸ ಪೊಟ್ಟಣ ತೆಗೆದು, ನಾಳೆಯ ಪೂಜೆಗೆ ಇದನ್ನೇ ಹಾಕಿ ಎಂದಳು. ನಾನು ಕಾಯುತ್ತಿದ್ದ ಗಳಿಗೆ ಇದೇ. ಪೆಟ್ಟಿಗೆ ಇಳಿಸಿ ಅವಳೆದುರು ತೆರೆದೆ. ಎರಡು ಮಳೆಗಾಲದ ಬೂಷ್ಟು, ಕಮಾನಿನ ಕೂದಲು ಹುಳ ತಿಂದು ಜೋತುಬಿದ್ದಿತ್ತು. ನೀನು ಹೋದ ಮೇಲೆ ಮುಟ್ಟಿಲ್ಲ, ಮುಟ್ಟಲು ನನಗೆ ಹೊತ್ತು ಎಲ್ಲಿತ್ತು ಎಂದೆ. ಹಾಗಾದರೆ ಕಾಗದದಲ್ಲಿ ಬರೆದ ಹಾಡುಗಳು ಎಂದು ಕೇಳಿದಳು. ಬೆಂಚಿನಲ್ಲಿ ಕೂತು ಕೇಳಿದ್ದು ಎಂದೆ. ಅವಳು ಅಳುತ್ತಾಳೆ, ನಾನು ಸಮಾಧಾನ ಮಾಡುತ್ತೇನೆ, ಅಲ್ಲಿಗೆ ಕುವೈತಿನ ಕತೆ ಮುಗಿಯುತ್ತದೆ ಎಂದು ನಂಬಿದ್ದೆ.

ಅವಳು ಅಳಲಿಲ್ಲ. “ಇಲ್ಲಿ ಏಳು ಗಂಟೆ ಆಗುವಾಗ ಅಲ್ಲಿ ನಾಲ್ಕೂವರೆ,” ಎಂದಳು. “ಪ್ರತಿ ಆದಿತ್ಯವಾರ ಎದ್ದು ಹಾಸಿಗೆಯಲ್ಲಿ ಕೂತುಕೊಳ್ತಿದ್ದೆ. ಈಗ ಅವರು ಅಟ್ಟ ಹತ್ತಿದ್ರು, ಈಗ ಶುರು ಮಾಡಿದ್ರು ಅಂತ. ಪೂಜೆ ಮುಗಿಯುವಷ್ಟು ಹೊತ್ತು ಹಾಗೇ ಕೂತಿರ್ತಿದ್ದೆ. ನನಗೆ ಅಲ್ಲಿ ಬೇರೆ ಎಂತ ಇತ್ತು?”

ನಾನು ಪೆಟ್ಟಿಗೆಯ ಮುಚ್ಚಳ ಮುಚ್ಚಿದೆ. ಅವಳು ಮುಂದುವರಿಸಿದಳು. ಇನ್ನು ಬರುವುದಿಲ್ಲ ಎಂದು ಆಸ್ಪತ್ರೆಯ ಮ್ಯಾಟ್ರನ್ ಹತ್ತಿರ ಹೇಳಿಯೇ ಹೊರಟಿದ್ದಳಂತೆ. ರಜೆ ಮುಗಿಯುವವರೆಗೆ ಜಾಗ ಇಟ್ಟಿರುತ್ತೇನೆ, ಯೋಚಿಸು ಎಂದಿದ್ದಳಂತೆ ಮ್ಯಾಟ್ರನ್. ನನಗೆ ತೆನೆಹಬ್ಬದ ದಿನ, ಹೊಸ ಅಕ್ಕಿಯ ಊಟಕ್ಕೆ ಕೂತಾಗ ಹೇಳಬೇಕೆಂದು ಇಟ್ಟುಕೊಂಡಿದ್ದಳು.

“ಒಲೆ ಮುಟ್ಟಿದರೆ ನಿಮಗೆ ಆಗುವುದಿಲ್ಲ. ಪಿಟೀಲು ಬಿಟ್ಟದ್ದು ನನ್ನಿಂದ. ನಾನು ಇಲ್ಲಿ ಎಂತ ಮಾಡಿಕೊಂಡು ಇರ್ಲಿ?”

ಹೋಗಬೇಡ ಎನ್ನುವುದಕ್ಕೆ ಎರಡು ವರ್ಷದಿಂದ ಕಾದಿದ್ದವನು ನಾನು. ಮಾಸ್ತರಿಕೆಯ ಜಂಬವೋ, ಸಿಕ್ಕಿಬಿದ್ದವನ ನಾಚಿಕೆಯೋ, ನಾಲಿಗೆಗೆ ಬಂದದ್ದು ಬೇರೆಯೇ. ನಿನ್ನ ಇಷ್ಟ ಎಂದುಬಿಟ್ಟೆ. ಸೋಮವಾರ ಅವಳು ಮ್ಯಾಟ್ರನ್‌ಗೆ ಕಾಗದ ಹಾಕಿದಳು. ಹಬ್ಬದ ಊಟಕ್ಕೆ ಎಲ್ಲರೂ ಕೂತೆವು, ಪಾಯಸ ನಾನೇ ಮಾಡಿದ್ದೆ, ಚೆನ್ನಾಗಿದೆ ಎಂದು ಅವಳು ಎರಡು ಸಲ ಹೇಳಿದಳು.

ಅವಳು ಹೋದ ಮೇಲೆ ಪಿಟೀಲನ್ನು ರಿಪೇರಿ ಮಾಡಿಸಿ ಅವಳು ತಂದ ತಂತಿಯನ್ನೇ ಹಾಕಿದೆ. ಮಕ್ಕಳನ್ನು ಕೆಳಗಿನ ಬೆಂಚಿನಲ್ಲಿ ಕೂರಿಸಿ ಅಟ್ಟ ಹತ್ತಿದೆ. ಬೆರಳು ಮೊದಲಿನ ಹಾಗೆ ಓಡಲಿಲ್ಲ, ಯಜಮಾನರು ದೊಡ್ಡ ಮನಸ್ಸು ಮಾಡಿ ಸಹಿಸಿಕೊಂಡರು. ಬಾರಿಸಿದ ಹಾಡುಗಳ ಹೆಸರನ್ನು ವಾರವಾರ ಬರೆದು ಕಳಿಸಿದೆ. ಅವಳ ಉತ್ತರ ತಪ್ಪದೆ ಬರುತ್ತಿತ್ತು. ಮಾಡಿಗೆ ಹಂಚು ಹಾಕಿಸಿ ಆಯಿತೇ, ಚಿಕ್ಕವಳ ಕೆಮ್ಮು ವಾಸಿಯಾಯಿತೇ, ದೊಡ್ಡವಳ ಗಣಿತ ಹೇಗುಂಟು ಎಂದು ಕೇಳುತ್ತಿದ್ದಳು. ಅವಳು ಕುವೈತಿನಲ್ಲಿ ಇನ್ನೂ ಒಂಬತ್ತು ವರ್ಷ ಇದ್ದಳು. ಈ ಆದಿತ್ಯವಾರ ಯಾವ ಹಾಡು ಎಂದು ಮತ್ತೆ ಕೇಳಲಿಲ್ಲ.