ಹದಿನೈದು ನಿಮಿಷ ಮುಂದಿದ್ದ ಟಿವಿ

ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಹಾಜರಿದ್ದವರು: ನಾನು, ನನ್ನ ಹೆಂಡತಿ ಗೌರಮ್ಮ, ಎರಡು ತಟ್ಟೆ ಮಂಡಾಳು (ಮಂಡಕ್ಕಿ) ಒಗ್ಗರಣೆ. ಗಂಗಾವತಿಯ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ದಾಖಲಿಸುವ ಕಂಟ್ರೋಲರನಾಗಿ ಆಯುಷ್ಯದ ಬಹುಭಾಗ ಕಳೆದು ನಿವೃತ್ತನಾದವನಿಗೆ, ಯಾವ ಸಂಗತಿಯನ್ನೂ ದಿನ, ಗಂಟೆ, ಹಾಜರಿ ಬರೆಯದೆ ಶುರು ಮಾಡಲು ಕೈ ಬರುವುದಿಲ್ಲ. ಓದುಗ ಮಿತ್ರರು ಸಹಿಸಿಕೊಳ್ಳಬೇಕು. ಅದರಲ್ಲೂ ಮೇಲೆ ಬರೆದ ಗಂಟೆ ತಪ್ಪೆಂದು ಸಂಜೆಯ ಹೊತ್ತಿಗೆ ಸಾಬೀತಾದದ್ದರಿಂದ ಸಹನೆ ಸ್ವಲ್ಪ ಹೆಚ್ಚೇ ಬೇಕಾದೀತು.

ರಿಮೋಟ್ ಒತ್ತಿದೆ. ನಾವು ದಿನವೂ ನೋಡುವ ಆ್ಯಪ್ ತೆರೆದುಕೊಂಡಿತು, ನಡುವೆ ಒಂದು ಚಕ್ರ ತಿರುಗಿತು, ತಿರುಗಿ ತಿರುಗಿ ದಣಿದು, ಕಪ್ಪು ಪರದೆಯ ಮೇಲೆ ಅರ್ಥವಾಗದ ಒಂದು ಸಂಖ್ಯೆಯನ್ನು ಬರೆದು, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಎಂದು ಹೇಳಿ ಸುಮ್ಮನಾಯಿತು. ಹಿಂದಿನ ದಿನ ಅದು ತಾನಾಗಿಯೇ ಅಪ್‌ಡೇಟ್ ಆಗಿತ್ತು.

ಬೇರೆ ದಿನವಾಗಿದ್ದರೆ ಟಿವಿ ಆರಿಸಿ ಪತ್ರಿಕೆ ಬಿಡಿಸುತ್ತಿದ್ದೆ. ಆದರೆ ಅಂದು ಸಂಜೆ ನಾಲ್ಕಕ್ಕೆ ಪಕ್ಕದ ಮನೆಯ ಹುಸೇನಬಿಯವರ ಮಗಳು ಶಬಾನಾಳ ಕಬಡ್ಡಿ ಪಂದ್ಯ ಅದೇ ಆ್ಯಪಿನಲ್ಲಿ ನೇರಪ್ರಸಾರವಾಗುವುದಿತ್ತು. ಹುಸೇನಬಿ ಹೊಲಿಗೆಯವರು, ನಮ್ಮ ಓಣಿಯ ಅರ್ಧ ರವಿಕೆಗಳು ಅವರ ಮಷೀನಿನಿಂದಲೇ ಹೊರಟಿವೆ. ಮಗಳು ಆರು ವರ್ಷದಿಂದ ಊರೂರು ತಿರುಗಿ ಆಡುತ್ತಿದ್ದರೂ ತಾಯಿ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಒಮ್ಮೆ ಊರು ದೂರ, ಇನ್ನೊಮ್ಮೆ ಮದುವೆಯ ಬಟ್ಟೆಗಳ ಗಡಿಬಿಡಿ, ಕೊನೆಗೆ ಕಣ್ಣಿಗೆ ಪೊರೆ. ಎಡಗಣ್ಣಿನ ಆಪರೇಷನ್ ಆಗಿ ಹನ್ನೆರಡು ದಿನವಾಗಿತ್ತು, ಟಿವಿ ನೋಡಬಹುದೆಂದು ಡಾಕ್ಟರೂ ಹೇಳಿದ್ದರು. ಗೌರಮ್ಮ ಮೊಬೈಲಿನಲ್ಲಿ ಹಳೆಯ ಆಟವೊಂದನ್ನು ತೋರಿಸಿದಾಗ, "ಇದರಾಗ ನನ್ನ ಮಗಳು ಯಾವ ಇರುವಿ ಅಂತ ಹುಡುಕ್ಲಿ ವೈನಿ?" ಎಂದು ನಕ್ಕಿದ್ದರು. ಆ ನಗೆಯನ್ನು ಕೇಳಿ, ನಮ್ಮ ದೊಡ್ಡ ಟಿವಿಯಲ್ಲಿ ತೋರಿಸುತ್ತೇನೆಂದು ಮಾತು ಕೊಟ್ಟವನು ನಾನು.

ಆದ್ದರಿಂದ ಕೆಲಸಕ್ಕೆ ಕ್ರಮವಾಗಿ ಇಳಿದೆ. ಟಿವಿಯನ್ನು ಆರಿಸಿ ಹಚ್ಚಿದೆ. ಇಂಟರ್ನೆಟ್ಟಿನ ಡಬ್ಬಿಯನ್ನು ಆರಿಸಿ, ನೂರು ಎಣಿಸಿ, ಹಚ್ಚಿದೆ. ಮೊಬೈಲಿನಲ್ಲಿ ಎಲ್ಲವೂ ಓಡುತ್ತಿತ್ತು, ಹಾಗಾಗಿ ಆ ಡಬ್ಬಿ ನಿರಪರಾಧಿ ಎಂದು ಬಿಟ್ಟುಬಿಟ್ಟೆ. ಆ್ಯಪನ್ನು ಅಳಿಸಿ ಮತ್ತೆ ಇಳಿಸಿಕೊಂಡೆ; ಪಾಸ್‌ವರ್ಡಿನ ಒಂದೊಂದೇ ಅಕ್ಷರವನ್ನು ರಿಮೋಟಿನ ಬಾಣದಿಂದ ಹೆಕ್ಕಿ ಕೂರಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಅದೇ ಚಕ್ರ, ಅದೇ ಸಂಖ್ಯೆ.

"ಅದಕ್ಕೂ ಒಂದು ಮೆಮೊ ಕೊಡ್ರಿ, ಹೆದರಿ ಓಡತೈತಿ," ಎಂದರು ಗೌರಮ್ಮ, ರೊಟ್ಟಿ ಬಡಿಸುತ್ತ.

ಊಟ ಮಾಡುತ್ತ ನನಗೆ ಹಳೆಯ ವೇಳಾಪಟ್ಟಿಗಳ ನೆನಪಾಯಿತು. ನಮ್ಮ ನಿಲ್ದಾಣದಲ್ಲಿ ಬಸ್ಸುಗಳ ಸಮಯ ಬದಲಾದಾಗಲೆಲ್ಲ ಹೊಸ ಪಟ್ಟಿಯನ್ನು ಫಲಕಕ್ಕೆ ಹಚ್ಚುತ್ತಿದ್ದೆವು. ಮರುದಿನ ಬೆಳಿಗ್ಗೆ ಯಲಬುರ್ಗಾದ ಪ್ರಯಾಣಿಕರು ಹಳೆಯ ಜಾಗದಲ್ಲೇ, ಹಳೆಯ ಹೊತ್ತಿಗೇ, ಚೀಲ ಕಾಲಬಳಿ ಇಟ್ಟುಕೊಂಡು ನಿಂತಿರುತ್ತಿದ್ದರು. ಫಲಕ ಓದಬಾರದೇ ಎಂದು ಮೈಕಿನಲ್ಲಿ ಗದರುತ್ತಿದ್ದೆ. ಒಂದು ಮಾತು ಹೇಳದೆ ತಮ್ಮ ಬಸ್ಸು ಎಲ್ಲಿಗೋ ಸರಿದದ್ದನ್ನು ನೋಡಿ ಅವರಿಗೆ ಏನನ್ನಿಸುತ್ತಿತ್ತು ಎಂಬುದು ಅಂದು, ಪಕ್ಕದಲ್ಲಿ ರಿಮೋಟ್ ಇಟ್ಟುಕೊಂಡು ಕೂತಾಗ, ನನಗೆ ತಿಳಿಯಿತು. ಹೊಸ ಪಟ್ಟಿ ಮಾಡುವವನಿಗೆ ಅದು ಸುಧಾರಣೆ. ಚೀಲ ಹೊತ್ತು ನಿಂತವನಿಗೆ ಬಸ್ಸಿಲ್ಲದ ಬೆಳಗು.

ಗೋಡೆಯ ಗಡಿಯಾರ ಮೂರೂ ಮುಕ್ಕಾಲು ತೋರಿಸುವಾಗ ಹುಸೇನಬಿ ಬಂದರು. ಇಸ್ತ್ರಿ ಮಾಡಿದ ಸೀರೆ, ಕಣ್ಣಿಗೆ ಕಪ್ಪು ಕನ್ನಡಕ.

"ಮೂರೂವರಿಗೆ ಬರ್ರಿ ಅಂದಿದ್ದೆ. ಹದಿನೈದು ನಿಮಿಷ ತಡ," ಎಂದೆ.

"ಇಲ್ರಿ ಅಣ್ಣಾರ, ಬರೋಬ್ಬರಿ ಬಂದೀನಿ," ಎಂದು ಅವರು ಖುರ್ಚಿಯಲ್ಲಿ ಕೂತು, ಕಪ್ಪು ಪರದೆಯನ್ನು ನೋಡಿ, "ಟಿವಿ ಹಚ್ಚಿಲ್ಲೇನ್ರಿ ಇನ್ನೂ?" ಎಂದರು. ನಾನು ಆ್ಯಪಿನವರ ಸಹಾಯವಾಣಿಗೆ ಫೋನ್ ಹಚ್ಚಿ, ಅವರ ಸಂಗೀತವನ್ನು ಕೇಳುತ್ತ ಗಡಿಯಾರ ನೋಡುತ್ತ ನಿಂತಿದ್ದೆ. ಕೊನೆಗೆ ಒಬ್ಬ ಹೆಣ್ಣುಮಗಳು ಮಾತಾಡಿದಳು. ಸಂಖ್ಯೆ ಹೇಳಿದೆ.

"ಸರ್, ಈಗ ನಿಮ್ಮ ಟಿವಿಯಲ್ಲಿ ಟೈಮ್ ಎಷ್ಟು ತೋರಿಸ್ತಿದೆ?"

"ಮೂರು ಐವತ್ತೆರಡು," ಎಂದೆ, ಮೂರು ದಶಕದ ಅಧಿಕಾರದಿಂದ.

"ನಮ್ಮಲ್ಲಿ ಮೂರು ಮೂವತ್ತೇಳು, ಸರ್."

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ನೌಕರಿಗೆ ಸೇರಿದ ಹೊಸದರಲ್ಲಿ ಒಮ್ಮೆ ನಾನು ನಾಲ್ಕು ನಿಮಿಷ ತಡವಾಗಿ ಹೋಗಿ, ಕುಷ್ಟಗಿಯ ಮೊದಲ ಬಸ್ಸು ನನ್ನ ಸಹಿಯಿಲ್ಲದೆ ಹೊರಟಿತ್ತು. ಆ ಅವಮಾನ ನುಂಗಲಾರದೆ ಅಂದೇ ಮನೆಯ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟೆ. ಆಮೇಲೆ ಕೈಗಡಿಯಾರ, ಅಲಾರಂ, ಎಲ್ಲವೂ ಅದರ ಹಿಂದೆ ಬಂದವು; ಕ್ರಮೇಣ ನನಗೆ ಅದೇ ಸರಿಯಾದ ಸಮಯವಾಯಿತು. ಈ ಟಿವಿ ತಂದ ದಿನ ಅದು ತನ್ನದೇ ಬೇರೆ ಸಮಯ ತೋರಿಸಿದ್ದನ್ನು ಕಂಡು, ಒಂದು ಮನೆಯಲ್ಲಿ ಎರಡು ಸಮಯ ಇರಕೂಡದೆಂದು, ಸೆಟ್ಟಿಂಗಿಗೆ ಹೋಗಿ ಅದನ್ನೂ ಸಾಲಿಗೆ ಸೇರಿಸಿದ್ದೆ. ಹಳೆಯ ಆ್ಯಪ್ ಪಾಪ ಸಹಿಸಿಕೊಂಡಿತ್ತು. ಹೊಸದು ಒಳಗೆ ಬಿಡುವ ಮೊದಲು ಗಡಿಯಾರ ತಾಳೆ ನೋಡುತ್ತದಂತೆ. ಇನ್ನೂ ಬಾರದ ಹೊತ್ತಿನಿಂದ ಬಂದವರಿಗೆ ಬಾಗಿಲು ತೆರೆಯುವುದಿಲ್ಲವಂತೆ. ನನಗಿಂತ ಕಟ್ಟುನಿಟ್ಟಿನವನೊಬ್ಬ ನನ್ನ ಮನೆಗೇ ಬಂದು ಕೂತಿದ್ದ.

"ನಮ್ಮ ಗಡಿಯಾರ ಮುಂದ ಐತಿ ಅಂತ ನಿಮಗ ಗೊತ್ತಿತ್ತೇನು?" ಎಂದು ಹುಸೇನಬಿಯವರನ್ನು ಕೇಳಿದೆ.

"ಓಣಿಗೆಲ್ಲ ಗೊತ್ತೈತ್ರಿ. ನೀವು ಹೇಳಿದ ಟೈಮಿಗೆ ಹದಿನೈದು ಕಳದ ಬರಬೇಕಂತ ವೈನಿನ ಹೇಳ್ಯಾರ. ಇವತ್ತು ಆಟ ನಾಕಕ್ಕ ಅಂತ ಮಗಳ ಬಾಯಿಂದನ ಕೇಳಿದ್ದೆ, ಹಂಗಾಗಿ ಕಳಿಲಿಲ್ಲ."

ಗೌರಮ್ಮನ ಕಡೆ ತಿರುಗಿದೆ. ಅವರು ಸೆರಗಿನಲ್ಲಿ ನಗೆ ಒರೆಸಿಕೊಳ್ಳುತ್ತಿದ್ದರು. "ಮದುವ್ಯಾಗಿ ಬಂದ ವಾರದಾಗ ಕಳಿಯೂದು ಕಲ್ತೀನ್ರಿ. ಹಾಲಿನವ ಸುದ್ದಾ ಕಳೀತಾನ. ಕೂಡಿಸಿಕೊಂಡು ಓಡಾಡೋರು ನೀವೊಬ್ಬರ."

ಇಷ್ಟು ವರ್ಷ ಲೋಕಕ್ಕಿಂತ ಹದಿನೈದು ನಿಮಿಷ ಮುಂದೆ ಬದುಕುತ್ತಿದ್ದೇನೆಂದು ಹೆಮ್ಮೆಪಡುತ್ತಿದ್ದೆ. ಲೋಕವೋ, ಸದ್ದಿಲ್ಲದೆ ಅಷ್ಟನ್ನೂ ಲೆಕ್ಕದಿಂದ ಕಳೆದು, ನನ್ನ ಮನಸ್ಸನ್ನು ನೋಯಿಸದೆ, ಸರಿಯಾದ ಹೊತ್ತಿಗೇ ಹಾಲು ಹಾಕಿ ಹೋಗುತ್ತಿತ್ತು. ಶಿಸ್ತಿನವನ ಸುತ್ತ ಇರುವವರಿಗೆ ಎಷ್ಟು ಶಿಸ್ತು ಬೇಕೆಂಬುದನ್ನು ನಾನು ಯಾವ ಪುಸ್ತಕದಲ್ಲೂ ದಾಖಲಿಸಿರಲಿಲ್ಲ.

ಸೆಟ್ಟಿಂಗಿಗೆ ಹೋಗಿ, ಸಮಯವನ್ನು ತಾನಾಗಿ ತಿಳಿದುಕೊ ಎಂಬ ಆಯ್ಕೆಯನ್ನು ಒತ್ತಿದೆ. ನಿವೃತ್ತಿಯಾಗಿ ಚಾರ್ಜು ಒಪ್ಪಿಸಿದ ದಿನದ ಹಾಗೆಯೇ ಬೆರಳು ಸ್ವಲ್ಪ ತಡೆಯಿತು. ಚಕ್ರ ಒಂದು ಸುತ್ತು ತಿರುಗಿತು, ಆ್ಯಪ್ ಬಾಗಿಲು ತೆರೆಯಿತು. ಪಂದ್ಯಕ್ಕೆ ಇನ್ನೂ ಹತ್ತೊಂಬತ್ತು ನಿಮಿಷವಿತ್ತು, ಚಹಾ ಕುಡಿದೆವು.

ಶಬಾನಾ ಆರನೆಯ ನಂಬರಿನ ಅಂಗಿ ತೊಟ್ಟಿದ್ದಳು. ಅವಳ ಸರದಿ ಬಂದಾಗ ಗೆರೆಯ ಬಳಿ ಬಗ್ಗಿ, ಎರಡು ಬೆರಳಿನಿಂದ ನೆಲ ಮುಟ್ಟಿ, ಹಣೆಗೆ ಒತ್ತಿಕೊಂಡು ಎದುರಾಳಿಗಳ ಅಂಗಳಕ್ಕೆ ನುಗ್ಗಿದಳು. ಹುಸೇನಬಿ ಕನ್ನಡಕ ತೆಗೆದು ಮುಂದೆ ಬಾಗಿದರು. ಎರಡನೆಯ ಸರದಿಯಲ್ಲೂ ಹಾಗೆಯೇ ಮಾಡಿದಳು.

"ನೋಡಿದ್ರಿ ವೈನಿ? ನಾ ಮಷೀನಿಗೆ ಕೂಡುವಾಗ ಮುಟ್ಟೂದು ಹಂಗ, ಅದ ಎರಡು ಬೆರಳು," ಎಂದರು. ಪರದೆಯಿಂದ ಕಣ್ಣು ತೆಗೆಯದೆ, "ಹೊಲಿಗಿ ಕಲಿ ಅಂದ್ರ ಒಂದು ದಿನ ಕೂಡಲಿಲ್ಲ ಹುಡುಗಿ. ಇದನ್ನ ಯಾವಾಗ ನೋಡಿ ಕಲ್ತಾಳೋ," ಎಂದರು. ನಮ್ಮ ಹುಡುಗಿಯರು ಎರಡು ಅಂಕಗಳಿಂದ ಸೋತರು. ಅದು ಹುಸೇನಬಿಯವರಿಗೆ ತಿಳಿಯಿತೋ ಇಲ್ಲವೋ, ನಾನು ಹೇಳಹೋಗಲಿಲ್ಲ.

ಮಗಳ ಫೋನ್ ಬಂದಾಗ ಹುಸೇನಬಿ ಮೊದಲು ಹೇಳಿದ್ದು, "ಎಡಗಾಲು ಭಾಳ ಮುಂದ ಚಾಚ್ತಿ, ಅದಕ್ಕ ಹಿಡೀತಾರ," ಎಂದು. ಅತ್ತ ಹುಡುಗಿ, ನನಗೂ ಕೇಳಿಸುವಂತೆ, ಸಣ್ಣ ದನಿಯಲ್ಲಿ, "ನೋಡಿದಿ ಅಮ್ಮಾ?" ಎಂದಳು.

"ನೋಡಿದೆ."

ಅವರಿಗೆ ಆರು ಗಂಟೆಗೆ ಕಣ್ಣಿನ ಹನಿ ಹಾಕಬೇಕಿತ್ತು. ಔಷಧಿಯ ಸಣ್ಣ ಬಾಟಲಿಯನ್ನು ಸೊಂಟದ ಚೀಲದಿಂದ ತೆಗೆದು ಗೌರಮ್ಮನಿಗೆ ಕೊಡುತ್ತ, "ಗ್ವಾಡಿ ಗಡಿಯಾರದ ಆರಕ್ಕೇನ್ರಿ ಅಣ್ಣಾರ, ಟಿವಿ ಆರಕ್ಕೋ?" ಎಂದು ಕೇಳಿದರು.

"ಟಿವಿ ಆರಕ್ಕ," ಎಂದೆ.

ಮೂವರೂ ಕಾದೆವು. ಆರು ಗಂಟೆ, ಎಡಗಣ್ಣು, ಒಂದು ಹನಿ.