ಗಾಡಿಯ ಎರಡಿಂಚು, ಅತ್ತೆಯ ಮೊಣಕಾಲು

ನನ್ನ ಅತ್ತೆಯ ಬಲಗೈ ಸಣ್ಣದು, ಆದರೆ ಹಿಡಿತ ಇಕ್ಕಳದ್ದು. ವರ್ಷಗಟ್ಟಲೆ ಕಾಯಿ ತುರಿದು ಹೆಬ್ಬೆರಳಿನ ಬುಡ ಗಟ್ಟಿಯಾಗಿತ್ತು. ಉಗುರಿನ ಸಂದಿಯಲ್ಲಿ ಅಡಿಗೆಯ ಅರಿಸಿನದ ಬಣ್ಣ ಯಾವಾಗಲೂ ಇರುತ್ತಿತ್ತು. ಆ ಕೈ ನನ್ನ ಎಡಭುಜದ ಮೇಲೆ ಬಿದ್ದರೆ ಸಂಜೆಯವರೆಗೂ ಅಲ್ಲಿ ಬೆರಳು ಇದ್ದ ಹಾಗೇ ಅನಿಸುತ್ತಿತ್ತು.

ಮದುವೆಯಾಗಿ ಬಂದ ಮೊದಲ ಹತ್ತು ವರ್ಷ ಆ ಕೈ ನನ್ನನ್ನು ಮುಟ್ಟಿದ್ದು ನೆನಪಿಲ್ಲ. ಸಿಟ್ಟಿಗಲ್ಲ. ಮಾವನವರು ತೀರಿಕೊಂಡ ಮೇಲೆ ಅತ್ತೆಯ ಮಡಿ ಇನ್ನೂ ಬಿಗಿಯಾಗಿತ್ತು. ಬೆಳಿಗ್ಗೆ ಮಿಂದು, ಯಾರೂ ಮುಟ್ಟದೆ ಒಣಗಿಸಿದ ಮಡಿಸೀರೆ ಉಟ್ಟರೆ ಪೂಜೆ, ಅಡಿಗೆ ಮುಗಿಯುವ ತನಕ ಮೊಮ್ಮಗಳೂ ಹತ್ತಿರ ಸುಳಿಯುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇನ್ನೊಬ್ಬರ ಕೈ ಹಿಡಿಯುವುದು ಅವರಿಗೆ ಆಗುತ್ತಿರಲಿಲ್ಲ. ಜಾರುವ ಅಂಗಳದಲ್ಲಿ ನಾನು ಕೈ ಚಾಚಿದರೆ, “ದೇವ್ರು ಕಾಲು ಕೊಟ್ಟಿದ್ದು ನಡಿಯಲೆ. ಯಂಗೆ ಯಾರ ಕೈಯೂ ಬ್ಯಾಡ,” ಎನ್ನುತ್ತಿದ್ದರು. ವಯಸ್ಸಾಯಿತು ಎಂಬ ಮಾತು ಅವರ ಬಾಯಿಂದ ನಾನು ಕೇಳಿದ್ದು ಒಂದೇ ಸಲ. ಅದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾವು ಆಗಷ್ಟೇ ಶಿರಸಿ ಹತ್ತಿರದ ಇಸಳೂರಿನಲ್ಲಿ ಮನೆ ಕಟ್ಟಿಕೊಂಡಿದ್ದೆವು. ಎರಡು ಸಾವಿರದ ಇಸವಿ ದಾಟಿತ್ತು. ನಮ್ಮವರು ಸಿದ್ದಾಪುರದ ದಾರಿಯಲ್ಲಿ ಒಳಗಿರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಮಾಸ್ತರು. ಆ ಹಳ್ಳಿಯೇ ಅತ್ತೆಯ ತವರು ಕೂಡ. ಓಡಾಟಕ್ಕೆಂದು ಹಳೆಯದೊಂದು ದೊಡ್ಡ ಗಾಡಿ ಕೊಂಡಿದ್ದರು, ಜೀಪೂ ಅಲ್ಲದ ಕಾರೂ ಅಲ್ಲದ ಜಾತಿಯದು. ದಿನವೂ ಜೊತೆಯ ಇಬ್ಬರು ಮಾಸ್ತರರು ಅದರಲ್ಲೇ ಹೋಗುವರು. ತಿಂಗಳಿಗೊಂದು ಭಾನುವಾರ ನಮ್ಮ ಮನೆಮಂದಿಯೆಲ್ಲ ಅಲ್ಲಿಯ ಈಶ್ವರನ ಗುಡಿಗೆ. ಮುಂದಿನ ಸೀಟಿನ ಮೇಲೆ ಉಣ್ಣೆಯ ಶಾಲು ಹಾಸಿದರೆ ಅತ್ತೆಯ ಮಡಿಗೆ ಭಂಗವಿಲ್ಲ. ಅಷ್ಟು ಅನುಕೂಲ ದೇವರು ಮಾಡಿಕೊಟ್ಟಿದ್ದ.

ತೊಂದರೆ ಇದ್ದದ್ದು ಹಳ್ಳಿಯ ಮಣ್ಣುರಸ್ತೆಯ ಮೋರಿಯಲ್ಲಿ. ಮೋರಿ ಎತ್ತರ, ಎರಡು ಕಡೆಯ ಮಣ್ಣು ಕೊಚ್ಚಿಹೋಗಿ ಇನ್ನೂ ಎತ್ತರ. ಜನ ತುಂಬಿದ ಗಾಡಿ ಅಲ್ಲಿ ಹೊಟ್ಟೆ ತಾಗಿಸಿಕೊಂಡು ಕರಕರ ಅನ್ನುತ್ತಿತ್ತು. ಎಲ್ಲರೂ ಇಳಿಯಬೇಕು. ಮಡಿಯಲ್ಲಿದ್ದ ಅತ್ತೆ ಮಾತ್ರ ಒಳಗೆ. ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ನೋಡುವರು. ಒಬ್ಬ ಕೂಗಿಯೇ ಕೇಳಿದ್ದ, “ಏನ್ರೋ, ದೇವರೊಂದೇ ಗಾಡೀಲಿ, ಭಕ್ತರೆಲ್ಲ ಕೆಳಗಾ?” ನಾನು ಸೆರಗು ಎಳೆದುಕೊಂಡು ತಲೆ ಬಗ್ಗಿಸಿ ನಡೆಯುತ್ತಿದ್ದೆ. ಗಾಡಿ ಇದ್ದೂ ನಡೆಯುವ ನಾಚಿಕೆ ಗಾಡಿ ಇಲ್ಲದವರಿಗೆ ಗೊತ್ತಾಗುವುದಿಲ್ಲ.

ಗಾಡಿಯನ್ನೇ ಸ್ವಲ್ಪ ಎತ್ತರ ಮಾಡಿಸುವುದೆಂದಾಯಿತು. ಜೊತೆಯ ಮಾಸ್ತರರೊಬ್ಬರು ದೊಡ್ಡ ಟೈರು ಹಾಕಿಸಿ ಅಂದರು. ಇನ್ನೊಬ್ಬರು ಹುಬ್ಬಳ್ಳಿಯಲ್ಲಿ ಸ್ಪ್ರಿಂಗು, ಶಾಕ್‌ಅಬ್ಸಾರ್ಬರು ಎಲ್ಲ ಸೇರಿದ ನಾಲ್ಕು ಇಂಚಿನ ಸೆಟ್ ಸಿಗುತ್ತದೆ ಅಂದರು. ನಮ್ಮವರಿಗೆ ಅದರ ಮೇಲೇ ಕಣ್ಣು. ಶಿರಸಿಯ ಗ್ಯಾರೇಜಿನವ ಹಾವೇರಿ ಕಡೆಯ ಮನುಷ್ಯ, ಕೇಳಿ ನಕ್ಕ.

“ನಾಕ್ ಇಂಚ್ ಏರಿಸಿದ್ರ ನೋಡಾಕ ಚಂದ್ರಿ ಮಾಸ್ತರ್ರ. ತಿರುವಿನಾಗ ಹೊಯ್ದಾಡ್ತೈತಿ. ನೀವೇನ್ ಗುಡ್ಡಾ ಹತ್ತಾಕ ಹೊಂಟೀರೇನು? ಸಾಲಿಗೆ ಹೋಗಾಕ ಎರಡಿಂಚ್ ಸಾಕ್ರಿ.”

ಹಿಂದಿನ ಪಾಟಾಕ್ಕೆ, ಅಂದರೆ ಪಟ್ಟಿ ಸ್ಪ್ರಿಂಗಿಗೆ, ಒಂದು ಎಲೆ ಜಾಸ್ತಿ, ಮುಂದಿನ ಸ್ಪ್ರಿಂಗಿನ ಮೇಲೆ ದಪ್ಪ ಪ್ಯಾಕಿಂಗು, ಅಷ್ಟೇ ಅಂದ. ಶಾಕ್‌ಅಬ್ಸಾರ್ಬರು ಹಳೆಯದೇ ಸಾಕು, ಬೇಡವಾದರೆ ಬಿಚ್ಚಿ ಮೊದಲಿನ ಹಾಗೆ ಮಾಡಲೂಬಹುದು. ನಮ್ಮವರು ಇನ್ನೂ ಹುಬ್ಬಳ್ಳಿಯ ಗುಂಗಿನಲ್ಲಿದ್ದರು. “ನಮ್ಗೆ ಬೇಕಾದ್ದು ಮೋರಿ ದಾಟದು, ಮೆರವಣಿಗೆ ಅಲ್ಲ,” ಅಂದೆ. ಕೈಗೆಟುಕುವ ಎರಡಿಂಚೇ ಗಟ್ಟಿಯಾಯಿತು.

ಕೆಲಸ ಮುಗಿದ ದಿನ ಪರೀಕ್ಷೆಗೆ ಹೊರಟೆವು. ಭಾರ ಎಂದಿನಷ್ಟೇ ಇರಬೇಕಲ್ಲ? ಮಾಸ್ತರರಿಬ್ಬರು, ನಾನು, ಮಗಳು, ಪಕ್ಕದ ಮನೆಯವರು ತುಂಬಿಕೊಂಡೆವು. ಅತ್ತೆ ಗ್ಯಾರೇಜಿನ ಎಣ್ಣೆಮಸಿಗೆ ಬರುವವರಲ್ಲ. ಅವರ ಬದಲು ಮುಂದಿನ ಸೀಟಿನಲ್ಲಿ ಒಂದು ಅಕ್ಕಿಮೂಟೆ. ಇಬ್ಬರು ಗಂಡಸರು ಹೊತ್ತು ಕೂರಿಸಿದರು. ಗಾಡಿ ಮೋರಿಯನ್ನು ಸದ್ದಿಲ್ಲದೆ ದಾಟಿತು. ನಾನು ಒಳಗೇ ಕುಳಿತು ಈಶ್ವರನಿಗೆ ಕೈ ಮುಗಿದೆ.

ಆ ಭಾನುವಾರ ಅತ್ತೆ ಮಡಿಸೀರೆ ಉಟ್ಟು, ಹೂವಿನ ಬುಟ್ಟಿ ಹಿಡಿದು ಬಂದು ಕಾಲೆತ್ತಿದರು. ಕಾಲು ಎಟುಕಲಿಲ್ಲ. ಇನ್ನೊಂದು ಕಾಲೆತ್ತಿದರು. ಎಂಥ ಜನ ನಾವು, ಎಲ್ಲ ಅಳೆದಿದ್ದೆವು, ಒಬ್ಬರ ಕಾಲು ಬಿಟ್ಟು! ಅತ್ತೆ ನಮ್ಮ ಮುಖ ನೋಡಿ ನಕ್ಕುಬಿಟ್ಟರು.

“ಅಕ್ಕಿಮೂಟೆಗೆ ಕಾಲಿಲ್ಲೆ ಮಾಣಿ. ಯಂಗೆ ಇದ್ದು.”

ನಮ್ಮವರು ಮಣೆ ತಂದಿಟ್ಟರು. “ಊಟಕ್ಕೆ ಕೂರ ಮಣೆನ ಮೆಟ್ಟದ?” ಎಂದು ಅತ್ತೆ ಅದನ್ನು ಒಳಗೆ ಕಳಿಸಿದರು. ಬದಿಗೆ ಕಾಲಿಡಲು ಪಾವಟಿಗೆ ಹಾಕಿಸೋಣವೆಂದರೆ ಅದು ಕೆಳಗೆ ಜೋತು ಮತ್ತೆ ಮೋರಿಗೆ ತಾಗುವುದು. ಮಗ ಎತ್ತಿ ಕೂರಿಸೋಣವೆಂದರೆ ಪ್ಯಾಂಟು ಹಾಕಿದ ಮೈಲಿಗೆಯವ. ಕಡೆಗೆ ಅತ್ತೆ ನನ್ನನ್ನು ನೋಡಿದರು. “ತಂಗಿ, ನೀನೂ ಮಡಿ ಉಟ್ಕಂಡು ಬಾ. ಹೊತ್ತಾತು.”

ಹಾಗೆ ಆ ಕೈ ಮೊದಲ ಸಲ ನನ್ನ ಭುಜ ಹಿಡಿಯಿತು. ಆಮೇಲೆ ಪ್ರತಿ ತಿಂಗಳೂ. ಹತ್ತುವಾಗ, ಇಳಿಯುವಾಗ ಮಾತ್ರ. ಗುಡಿಯ ಮೆಟ್ಟಿಲುಗಳನ್ನು ಅವರು ಒಬ್ಬರೇ ನನಗಿಂತ ಮುಂದೆ ಹತ್ತುತ್ತಿದ್ದರು. “ಎಂತಕ್ಕೆ ಏದುಸಿರು ಬಿಡ್ತೆ? ಅವಲಕ್ಕಿ ಜಾಸ್ತಿ ತಿಂದ್ಯ?” ಎಂದು ಮೇಲಿನಿಂದ ಕೇಳುತ್ತಿದ್ದರು.

ಇನ್ನು ಆ ದಿನ. ಶಿವರಾತ್ರಿಗೆ ಮೊದಲಿನ ಭಾನುವಾರ. ಅತ್ತೆ ಹರಕೆ ಹೇಳಿಕೊಂಡಿದ್ದರು, ಅವರೇ ಕಟ್ಟಿದ ತುಂಬೆಹೂವಿನ ಮಾಲೆ. ಮೊಮ್ಮಗಳಿಗೆ ಜ್ವರ ಬಂದು ಇಳಿಯದೆ ಇದ್ದಾಗ ಹೊತ್ತದ್ದು. ಹೂ ಕೊಯ್ಯಲು ಹಿತ್ತಲಲ್ಲಿ ಎಷ್ಟು ಹೊತ್ತು ಬಗ್ಗಿದ್ದರೋ. ಗುಡಿಯ ಮುಂದೆ ಗಾಡಿ ನಿಂತಿತು. ತವರಿನ ಕಡೆಯವರೆಲ್ಲ ಜಗುಲಿಯ ಮೇಲೆ ಕಾಯುತ್ತಿದ್ದರು. ಹಿಂದಿನ ಸೀಟಿನಿಂದ ಏಳುವಾಗ ನನಗೆ ಗೊತ್ತಾಯಿತು, ನಾನು ಹೊರಗಾಗಿದ್ದೆ. ಇನ್ನೂ ನಾಲ್ಕಾರು ದಿನವಿದೆ ಎಂದುಕೊಂಡಿದ್ದೆ. ಬಿಳಿಯ ಸೀರೆ, ಇಳಿದರೆ ಎಲ್ಲರಿಗೂ ಕಾಣುತ್ತದೆ. ಗುಡಿಯ ಬಾಗಿಲು ಎದುರಿಗೇ.

ಅತ್ತೆ ಬಾಗಿಲು ತೆರೆದು, ಮಾಲೆಯ ಬಾಳೆಲೆ ಮಡಿಲಲ್ಲಿಟ್ಟುಕೊಂಡು, ನನ್ನ ಭುಜಕ್ಕೆ ಕೈ ಚಾಚಿ ಕುಳಿತಿದ್ದರು. ನಾನು ಇಳಿಯಲಿಲ್ಲ. “ಅತ್ತೆ, ಯಂಗೆ ಮುಟ್ಟಲಾಗ,” ಎಂದು ಹಿಂದಿನಿಂದ ಪಿಸುಗುಟ್ಟಿದೆ. ಬೆಳಿಗ್ಗೆ ಹತ್ತಿಸುವಾಗ ಮುಟ್ಟಿದ್ದೆ. ಆಗಲೇ ಆಗಿತ್ತೋ ಇಲ್ಲವೋ, ದೇವರಿಗೇ ಗೊತ್ತು. ಅವರ ಮಡಿ, ಹರಕೆ, ಮಾಲೆ, ಎಲ್ಲ ನನ್ನಿಂದ ಹೋಯಿತು. ಈಗ ಇಷ್ಟು ಜನರ ಎದುರು ಒಂದು ಮಾತು ಬಿದ್ದರೆ ನಾನು ಗಾಡಿಯೊಳಗೇ ಸತ್ತಂತೆ.

ಅತ್ತೆಯ ನಾದಿನಿ, ತಮ್ಮನ ಹೆಂಡತಿ, ಜಗುಲಿ ಇಳಿದು ಬಂದರು. ಬಾಯಿ ಜೋರಿನ ಹೆಂಗಸು. “ಎಂತ ಅತ್ತಿಗೆ, ಇಳಿತಿಲ್ಯ? ಭಟ್ರು ಕಾಯ್ತಾ ಇದ್ದ.”

ಅತ್ತೆ ಚಾಚಿದ್ದ ಕೈಯನ್ನು ಹಿಂದೆ ತೆಗೆದುಕೊಂಡು ಮೊಣಕಾಲಿನ ಮೇಲಿಟ್ಟರು. “ಮೊಣಕಾಲು ಹಿಡ್ಕಂಡೋತೆ. ಬಗ್ತೇ ಇಲ್ಲೆ. ವಯಸ್ಸಾತು.”

“ಮತ್ತೆಂತಕ್ಕೆ ಗಾಡಿ ಅಷ್ಟು ಎತ್ತರ ಮಾಡ್ಸಿದ್ದು? ದೊಡ್ಡಸ್ತಿಕೆಗ?” ನಾದಿನಿ ನಕ್ಕರು. ಜಗುಲಿಯವರೂ ನಕ್ಕರು. ಮೆಟ್ಟಿಲು ಓಡಿ ಹತ್ತುತ್ತಿದ್ದವರು, ಯಾರ ಕೈಯೂ ಬೇಡ ಅನ್ನುತ್ತಿದ್ದವರು, ತವರಿನ ಜನರ ಮುಂದೆ ಆ ನಗು ಕೇಳಿಕೊಂಡು ಸುಮ್ಮನೆ ಕುಳಿತರು. ಆಮೇಲೆ ಮಗನನ್ನು ಕರೆದರು. “ಮಾಣಿ, ಹಣ್ಣುಕಾಯಿ ನೀನೇ ಮಾಡ್ಸ್ಕಂಡು ಬಾ. ಸೊಸೆ ಯನ್ನ ಹತ್ರನೇ ಇರ್ಲಿ, ತಲೆ ಬ್ಯಾರೆ ತಿರುಗ್ತಾ ಇದ್ದು.” ಮಾಲೆಯ ಎಲೆಯನ್ನು ಮಾತ್ರ ಕೊಡಲಿಲ್ಲ. ಮಡಿಲಲ್ಲೇ ಇತ್ತು. ಒಳಗೆ ಗಂಟೆ ಬಾರಿಸಿದಾಗ ಕುಳಿತಲ್ಲೇ ಕಣ್ಣು ಮುಚ್ಚಿದರು. ನಾನು ಹಿಂದೆ ಮುದುಡಿ ಕುಳಿತು ಅಳತೊಡಗಿದೆ.

“ಅಳಡ ಸುಮ್ನಿರು. ಅವಂಗೆ ಇಲ್ಲಿಂದ್ಲೂ ಕಾಣ್ತು,” ಅಂದರು, ತಿರುಗದೆ.

ಮನೆಯ ಮುಂದೆ ಗಾಡಿ ನಿಂತಾಗ ನಾನು ಹಿಂದಿನಿಂದ ಇಳಿದು ದೂರ ಓಡಲು ನೋಡಿದೆ. ಕರೆದರು. “ಎಲ್ಲಿಗೆ ಹೋಗ್ತೆ? ಹೆಂಗೂ ಮೀಯವು. ಕೈ ಕೊಡು.” ಹೊರಗಾದವಳ ಭುಜ ಹಿಡಿದೇ ಇಳಿದರು. ಮಿಂದರು. ಮಾಲೆಯನ್ನು ತುಳಸಿಯ ಬುಡಕ್ಕೆ ಇಟ್ಟರು. ಆ ವಿಷಯ ಮತ್ತೆ ಎತ್ತಲಿಲ್ಲ. ಶಾಸ್ತ್ರದ ಸರಿ-ತಪ್ಪು ಹೇಳುವಷ್ಟು ನಾನು ದೊಡ್ಡವಳಲ್ಲ. ಅವರು ಶಾಸ್ತ್ರ ಬಿಟ್ಟವರೂ ಅಲ್ಲ. ಮರುದಿನ ನಾನು ಹೊರಗೇ ಕುಳಿತಿದ್ದೆ, ಅವರೇ ಊಟ ತಂದಿಟ್ಟು ದೂರ ನಿಂತಿದ್ದರು.

ಮುಂದೆ ಆ ರಸ್ತೆಗೆ ಡಾಂಬರು ಬಂತು, ಮೋರಿ ಸಮವಾಯಿತು. ನಮ್ಮವರು ಪ್ಯಾಕಿಂಗು ತೆಗೆಸಿ ಗಾಡಿ ಇಳಿಸಲೇ ಅಂದರು. “ಇರ್ಲಿ ಬಿಡು, ರೂಢಿ ಆಗೋಜು,” ಅಂದರು ಅತ್ತೆ. ಎರಡು ವರ್ಷ ಕಳೆದು, ನಾಲ್ಕೇ ದಿನದ ಜ್ವರದಲ್ಲಿ, ಯಾರಿಂದಲೂ ಎತ್ತಿಸಿಕೊಳ್ಳದೆ ಹೋದರು. ಅಷ್ಟಾದರೂ ದೇವರು ಅವರ ಮನಸ್ಸಿನಂತೆ ನಡೆಸಿದ.

ವೈಕುಂಠ ಸಮಾರಾಧನೆಯ ಊಟಕ್ಕೆ ಬಂದ ನಾದಿನಿ ಎಲ್ಲರೆದುರು ಹೇಳಿದರು, “ಕಾಲಿನ ಮೇಲೆ ಎಷ್ಟು ಗರ್ವ ಇತ್ತು ಅತ್ತಿಗೆಗೆ! ದೇವ್ರ ಬಾಗಿಲಿಗೆ ಹೋಗಿ ಇಳಿಯಲೆ ಆಜಿಲ್ಲೆ, ಪಾಪ.” ನಾನು ಪಾಯಸ ಬಡಿಸುತ್ತಿದ್ದೆ. ಮುಂದಿನ ಎಲೆಗೆ ಹೋದೆ. ಈಗಲೂ ಆ ಕಡೆ ಅತ್ತೆಯ ಮಾತು ಬಂದಾಗಲೆಲ್ಲ ಅದೇ ಕತೆ, ಅದೇ ಪಾಪ. ನಾನು ತಲೆ ಬಗ್ಗಿಸಿ ಕೇಳುತ್ತೇನೆ.

ಆ ಭಾನುವಾರ ನನ್ನ ಅತ್ತೆಯ ಮೊಣಕಾಲಿಗೆ ಏನೂ ಆಗಿರಲಿಲ್ಲ.